ಭಟ್ಟಿ ಮತ್ತೆ ಹೊತ್ತಿತು

ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಸಾಲ ತೀರಿಸಿ ಕಂಪನಿ ಉಳಿಸಿಕೊಳ್ಳುವ ನಮ್ಮ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿ, ಅಂದರೆ ಕಬ್ಬಿಣ ಎರಕದ ಕಾರ್ಖಾನೆ, ಲಿಲಾವಿಗೆ ಹೋಗಲಿಲ್ಲ. ಹೊರರಾಜ್ಯದ ಗಿರಾಕಿ ಬಿಲ್ ಮುಳುಗಿಸಿದ್ದು, ಬ್ಯಾಂಕು ದಿವಾಳಿ ಸಂಹಿತೆಯಡಿ ಅರ್ಜಿ ಹಾಕಿದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ.

ಹಳೇ ಮಾಲೀಕನಿಗೇ ಕಂಪನಿ ಹೆಂಗ ಸಿಕ್ತು ಅಂತ ಬಹಳ ಮಂದಿ ಕೇಳುತ್ತಿದ್ದೀರಿ. ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗಿ ವರ್ಷ ದಾಟಿದರೆ ಸಂಹಿತೆಯ 29ಎ ಕಲಮು ಮಾಲೀಕನನ್ನು ಯೋಜನೆ ಸಲ್ಲಿಸದಂತೆ ಹೊರಗಿಡುತ್ತದೆ. ಸಣ್ಣ ಉದ್ಯಮಗಳಿಗೆ 2018ರಲ್ಲಿ 240ಎ ಅಂತ ಒಂದು ಕಿಂಡಿ ತೆರೆದರು, ನಾವು ತೂರಿದ್ದು ಅದರಲ್ಲೇ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮಾಡಿಸು ಅಂತ ಮೊದಲೇ ಬೆನ್ನು ಹತ್ತಿದ್ದ ಸಿಎ, ನಮ್ಮ ವಕೀಲರು, ಬಂಡವಾಳ ಹೊಂದಿಸಿದ ಮಾವಂದಿರು, ಸಾಲ ಕೊಟ್ಟವರ ಸಮಿತಿಯಲ್ಲಿ ಶೇ 66 ಮತಗಳ ಗೆರೆ ದಾಟಿಸಿದ ಬ್ಯಾಂಕಿನವರು, ಎಲ್ಲರಿಗೂ ನಮಸ್ಕಾರ.

ಇನ್ನು ನಮ್ಮ ಅಕೌಂಟ್ಸ್ ಅಕ್ಕಾರು.

ಅರ್ಜಿ ಅಂಗೀಕಾರವಾದ ದಿನವೇ ನಿರ್ದೇಶಕರ ಅಧಿಕಾರವೆಲ್ಲ ನ್ಯಾಯಮಂಡಳಿ ನೇಮಿಸಿದವರ ಕೈಗೆ ಹೋಗುತ್ತದೆ. ಅಪ್ಪ ಕಟ್ಟಿದ ಫೌಂಡ್ರಿಯಲ್ಲಿ ಗೇಟ್ ಪಾಸಿಗೂ ನನ್ನ ಸಹಿ ನಡೆಯದಾಯಿತು. ನಾನು ಹೇಳಹೊರಟಿದ್ದು, ಕಂಪನಿಯಿಂದ ಬಾಕಿ ಬರಬೇಕಿದ್ದವರೆಲ್ಲ ಕ್ಲೇಮ್ ಹಾಕಲು ಕೊಟ್ಟಿದ್ದ ಗಡುವಿನ ಕಡೆಯ ರಾತ್ರಿಯ ಮಾತು. ಬಾಕಿ ಸಂಬಳ ಕೇಳಲು ಕಾರ್ಮಿಕರು ತುಂಬಬೇಕಾದ್ದು ಫಾರ್ಮ್ ಡಿ. ಅರ್ಧ ಮಂದಿಗೆ ಅದು ಏನಂತಲೇ ಗೊತ್ತಿರಲಿಲ್ಲ. ಅಕ್ಕಾರು ಹಾಜರಿ ಪುಸ್ತಕ, ಓವರ್‌ಟೈಮ್ ಚೀಟಿ ಹರವಿಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಬರೆದರು. ಮೋಲ್ಡಿಂಗ್‌ನವರ ಬೆರಳಿಗೆ ಕಪ್ಪು ಮರಳು ಹತ್ತಿ ಹೆಬ್ಬೆಟ್ಟು ಮೂಡುತ್ತಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ತಾವೇ ಒರೆಸಿ ಒತ್ತಿಸಿದರು.

ಹೊರಗೆ "ಮಾಲೀಕ ಓಡಿಹೋದ" ಅನ್ನೋ ಮಾತು ನಡೆದಿತ್ತು. ನಾನು ಪ್ಯಾಟರ್ನ್ ರೂಮಿನ ಬಾಗಿಲು ಹಾಕಿಕೊಂಡು ಅಳುತ್ತ ಕೂತಿದ್ದೆ. ಇದ್ದೇನು ಸಾರ್ಥಕ ಅನ್ನಿಸಿತ್ತು, ಬರೆದೇಬಿಡುತ್ತೇನೆ. ಅಕ್ಕಾರು ಬಾಗಿಲು ಬಡಿದರು. "ಸಾಹೇಬ್ರ, ಅಳೂದಿದ್ರ ನಾಳೆ ಅಳ್ರಿ. ಹೋದ ದೀಪಾವಳಿ ಓವರ್‌ಟೈಮ್ ರೇಟ್ ಎಷ್ಟಿತ್ತು, ಅದನ್ನ ಹೇಳ್ರಿ."

ಹೇಳಿದೆ. ಬರೆದುಕೊಂಡರು. ಬೆಳಕು ಹರಿಯುವ ತನಕ ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಕಟ್ಟು ಕಟ್ಟುವಾಗ ನೋಡಿದರೆ ಅವರದೇ ಫಾರ್ಮ್ ಇಲ್ಲ. ಕೇಳಿದರೆ, "ಬರೀತೀನಿ ತಡೀರಿ, ಮೊದಲ ಒಂದ್ ಚಾ ಹೇಳ್ರಿ."

ಮರಳು, ಪಿಗ್ ಐರನ್ (ಎರಕಕ್ಕೆ ಕರಗಿಸುವ ಕಚ್ಚಾ ಕಬ್ಬಿಣ) ಉದ್ರಿ ಕೊಟ್ಟಿದ್ದ ನಮ್ಮ ಊರಿನ ಸಣ್ಣ ಪೂರೈಕೆದಾರರಿಗೆ ಮಾತ್ರ ಥ್ಯಾಂಕ್ಸ್ ಅನ್ನಲು ನಾಲಿಗೆ ಏಳುತ್ತಿಲ್ಲ. ಯೋಜನೆಯಲ್ಲಿ ಅವರಿಗೆ ಸಿಕ್ಕಿದ್ದು ಬಾಕಿಯ ಒಂದು ತುಣುಕು. ಆದೇಶ ಬಂದ ಮೇಲೆ ಉಳಿದದ್ದನ್ನು ಅವರು ಕೇಳುವ ಹಾಗಿಲ್ಲ. ಕಂಪನಿ ಉಳಿಯಿತು ಅಂತ ಎಲ್ಲರೂ ಹಾರ ಹಾಕುತ್ತೀರಿ, ಉಳಿಸಿದ ಖರ್ಚಿನಲ್ಲಿ ದೊಡ್ಡ ಪಾಲು ಅವರ ಗಲ್ಲಾಪೆಟ್ಟಿಗೆಯದು. ಸದ್ಯ ನನ್ನ ಕೈಲಾಗಿದ್ದು ಇಷ್ಟು: ಹೊಸ ಮರಳಿನ ಆರ್ಡರ್ ಅವರಿಗೇ ಕೊಟ್ಟಿದ್ದೇನೆ. ಮೊದಲ ಲೋಡ್ ಬುಧವಾರ ಬರುತ್ತದೆ, ದುಡ್ಡು ಮುಂಗಡ ಹೋಗಿದೆ.