ಇನ್ವರ್ನೆಸ್–ವಿಕ್ ರೈಲಿಗೆ ಹೊರಡುವವರ ಗಮನಕ್ಕೆ

ಸ್ಕಾಟ್ಲೆಂಡಿನ ಈ ಉತ್ತರದ ಮಾರ್ಗದಲ್ಲಿ ಭಾನುವಾರ ಬಿಟ್ಟರೆ ದಿನಕ್ಕೆ ಒಂದೊಂದು ದಿಕ್ಕಿಗೆ ನಾಲ್ಕೇ ರೈಲು, ಭಾನುವಾರ ಇನ್ನೂ ಕಡಿಮೆ. ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ರೋಗಾರ್ಟ್, ಕಿನ್‌ಬ್ರೇಸ್, ಸ್ಕಾಟ್ಸ್‌ಕಾಲ್ಡರ್‌ನಂಥ ನಿಲ್ದಾಣಗಳಲ್ಲಿ ಕೇಳಿದರೆ ಮಾತ್ರ ನಿಲುಗಡೆ. ಇಳಿಯುವವರು ಹತ್ತಿದ ಕೂಡಲೇ ಗಾರ್ಡ್‌ಗೆ ಹೇಳಿ, ಹಿಂದಿನ ಸ್ಟೇಷನ್ ಬರುವವರೆಗೂ ಸುಮ್ಮನಿರಬೇಡಿ. ಹತ್ತುವವರು, ರೈಲು ನಿಲ್ಲಿಸಲು ಕೋರುವ ಗುಂಡಿಯ ಪೆಟ್ಟಿಗೆ ನಿಲ್ದಾಣದಲ್ಲಿದ್ದರೆ ಗುಂಡಿ ಒತ್ತಿ; ಇಲ್ಲವಾದರೆ ಚಾಲಕನಿಗೆ ಕಾಣುವಂತೆ ನಿಂತು ಕೈ ಎತ್ತಿ. ತಂಗುಮನೆಯೊಳಗೆ ಕೂತೇ ಇದ್ದರೆ ಗಾಡಿ ಹೊರಟುಹೋಗುತ್ತದೆ.

ಬ್ಯೂಲಿಯ ಪ್ಲಾಟ್‌ಫಾರಂ ಸುಮಾರು 15 ಮೀಟರ್ ಅಷ್ಟೇ, ಒಂದೇ ಬಾಗಿಲು ತೆರೆಯುತ್ತದೆ. ಯಾವುದೆಂದು ಮೊದಲೇ ಕೇಳಿಕೊಂಡು ಲಗೇಜು ಅಲ್ಲಿಗೆ ಒಯ್ದಿಡಿ.

ವಿಕ್‌ಗೆ ಹೋಗುವವರು ಗಾಬರಿಯಾಗಬೇಡಿ: ಗಾಡಿ ಜಾರ್ಜ್‌ಮಾಸ್ ಜಂಕ್ಷನ್‌ನಿಂದ ಮೊದಲು ಥರ್ಸೋಗೆ ಹೋಗಿ, ಅಲ್ಲಿಂದ ದಿಕ್ಕು ಬದಲಿಸಿ ಅದೇ ಜಂಕ್ಷನ್‌ಗೆ ಮರಳಿ ವಿಕ್‌ನತ್ತ ಹೊರಡುತ್ತದೆ. ಹೆಚ್ಚಿನ ದಾರಿ ಒಂಟಿ ಹಳಿ. ಎದುರು ಗಾಡಿ ತಡವಾದರೆ ನಮ್ಮದೂ ಕ್ರಾಸಿಂಗ್‌ನಲ್ಲಿ (ಗಾಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ) ಕಾಯುತ್ತದೆ. ಮುಂದಿನ ಬಸ್ಸಿಗೋ ದೋಣಿಗೋ ಸಮಯ ಬಿಗಿಯಾಗಿ ಇಟ್ಟುಕೊಳ್ಳಬೇಡಿ.