ಉಪ್ಪುನೀರು ಸರಿ, ಎಂದಿನಿಂದ?

ಮಾನ್ಯ ಸಂಪಾದಕರೇ,

ಹಲ್ಲು ಕೀಳಿಸಿಕೊಂಡು ಬಂದವರಿಗೆ ‘ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ’ ಎಂದು ಹೇಳದವರಿಲ್ಲ. ಎಂದಿನಿಂದ ಎಂದು ಹೇಳುವವರು ಅಪರೂಪ. ಒಸಡು ಕೊಯ್ದು, ಎಲುಬು ಕೊರೆದು ತೆಗೆಯುವ ಬುದ್ಧಿಹಲ್ಲಿನ ವಿಷಯದಲ್ಲಂತೂ ಆ ‘ಎಂದಿನಿಂದ’ ಎಂಬುದೇ ಮುಖ್ಯ. ಮನೆಯಲ್ಲಿ ಆಗುವ ಬಹುಪಾಲು ಎಡವಟ್ಟುಗಳಿಗೆ ಕಾರಣ ಒಂದೇ: ಒಳ್ಳೆಯ ಉಪಚಾರವನ್ನೇ ಹೊತ್ತಲ್ಲದ ಹೊತ್ತಿನಲ್ಲಿ ಮಾಡುವುದು.

ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಒಳಗಿನ ಎಲುಬನ್ನೂ ನರದ ತುದಿಗಳನ್ನೂ ಮುಚ್ಚಿಡುವುದು ಆ ಹೆಪ್ಪೇ. ಮೊದಲ 24 ಗಂಟೆ ಅದು ತೀರಾ ಸಡಿಲ. ಆಗ ಮುಕ್ಕಳಿಸಿದರೆ, ಜೋರಾಗಿ ಉಗುಳಿದರೆ, ಸ್ಟ್ರಾ ಹಾಕಿ ಹೀರಿದರೆ ಕಿತ್ತು ಬರುತ್ತದೆ. ಉಪ್ಪುನೀರು ಏನಿದ್ದರೂ ಮರುದಿನದಿಂದ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಊಟ, ತಿಂಡಿಯಾದ ಮೇಲೆ ಬಾಯಿಗೆ ಹಾಕಿಕೊಂಡು, ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ, ಉಗುಳದೆ ತಾನಾಗಿ ಸುರಿದುಹೋಗಲು ಬಿಡಬೇಕು. ಹೀಗೆ ಒಂದು ವಾರ.

ರಕ್ತ ನಿಲ್ಲಲೆಂದು ವೈದ್ಯರು ಗಾಯದ ಮೇಲೆ ಇಟ್ಟ ಗಾಜ್ ಬಟ್ಟೆಯ (ತೆಳುವಾದ ಜಾಳು ಬಟ್ಟೆ) ಮಾತೂ ಇದೇ. 30ರಿಂದ 45 ನಿಮಿಷ ಬಿಡದೆ ಕಚ್ಚಿ ಹಿಡಿಯಬೇಕು. ರಕ್ತ ನಿಂತಿದೆಯೇ ಎಂದು ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಅದು ನಿಲ್ಲುವುದೇ ಇಲ್ಲ. ಮತ್ತೆ ಒಸರಿದರೆ ಹೊಸ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ, ದಪ್ಪಗೆ ಮಡಚಿ, ಗಾಯದ ನೇರಕ್ಕೇ ಇಟ್ಟು ಇನ್ನೊಂದು ಅರ್ಧ ಗಂಟೆ ಕಚ್ಚಬೇಕು. ಹತ್ತಿ ಬೇಡ, ಅದರ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ. ಮೊದಲ ದಿನ ಎಂಜಲು ತುಸು ಕೆಂಪಾಗಿದ್ದರೆ ಗಾಬರಿ ಬೇಡ, ಒಂದು ತೊಟ್ಟು ರಕ್ತಕ್ಕೇ ಬಾಯಿ ತುಂಬ ಬಣ್ಣ ಬರುತ್ತದೆ. ರಾತ್ರಿ ಎರಡು ದಿಂಬು ಇಟ್ಟುಕೊಂಡು ತಲೆ ಎತ್ತರಿಸಿ ಮಲಗಿದರೆ ಒಸರುವುದೂ ಊದುವುದೂ ಕಡಿಮೆ.

ಶಾಖದ ವಿಷಯದಲ್ಲಿ ಮನೆಯವರ ಪ್ರೀತಿಯೇ ತೊಂದರೆ ಕೊಡುವುದುಂಟು. ಮೊದಲ ದಿನ ಬಿಸಿ ಶಾಖ ಕೊಟ್ಟರೆ ಊತ ಏರುತ್ತದೆ. ಆ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ 15–20 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡುವು ಕೊಡಬೇಕು. ಊತ ಎರಡು, ಮೂರನೇ ದಿನಕ್ಕೆ ಗರಿಷ್ಠಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಬಿಸಿ ಶಾಖ 48 ಗಂಟೆಗಳ ನಂತರ, ಬಿಗಿದುಕೊಂಡ ದವಡೆ ಸಡಿಲವಾಗಲಿಕ್ಕೆ.

ನೋವಿನ ಮಾತ್ರೆಯನ್ನು ನೋವು ಬರುವ ತನಕ ಕಾಯದೆ, ಮರಗಟ್ಟಿಸುವ ಇಂಜೆಕ್ಷನ್ನಿನ ಪರಿಣಾಮ ಇಳಿಯುವ ಮೊದಲೇ ನುಂಗುವುದು ಜಾಣತನ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ವೈದ್ಯರು ಎರಡನ್ನೂ ಒಟ್ಟಿಗೆ ಬರೆದುಕೊಡುವುದುಂಟು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇರುವವರು ಐಬುಪ್ರೊಫೇನ್‌ಗೆ ಮೊದಲು ಕೇಳಲೇಬೇಕು. ವಯಸ್ಕರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ನೆಗಡಿ ಮಾತ್ರೆಯಲ್ಲಿರುವುದೂ ಆ ಲೆಕ್ಕಕ್ಕೇ ಸೇರುತ್ತದೆ. ನೋವಿಗೆಂದು ಆಸ್ಪಿರಿನ್ ಬೇಡ, ರಕ್ತ ಒಸರುವುದು ಹೆಚ್ಚುತ್ತದೆ. ಆದರೆ ಹೃದಯದ ಕಾಯಿಲೆಗೆಂದು ಅದನ್ನು ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು.

ಮೂರನೇ ದಿನದ ಹೊತ್ತಿಗೆ ನೋವು ಇಳಿಮುಖವಾಗಬೇಕು. ಬದಲಿಗೆ ಏರುತ್ತ ಕಿವಿಯವರೆಗೆ ಸಿಡಿದರೆ, ಬಾಯಿ ವಾಸನೆ ಬಂದರೆ, ಹೆಪ್ಪು ಹೋಗಿ ಎಲುಬು ಬಯಲಾಗಿರುವ ಸಂಭವವೇ ಹೆಚ್ಚು. ಇದೇ ಡ್ರೈ ಸಾಕೆಟ್. ಕೆಳದವಡೆಯ ಬುದ್ಧಿಹಲ್ಲು ತೆಗೆಸಿದವರಲ್ಲಿ, ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ. ಸಿಗರೇಟನ್ನು ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ದೂರವಿಡಬೇಕು. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ನುಂಗುವುದರಿಂದ ಈ ನೋವು ಹೋಗದು. ಗುಳಿ ತೊಳೆದು ಔಷಧಿ ತುಂಬಿಸಿಕೊಂಡು ಬರಬೇಕು. ಇನ್ನು, ಗಾಯದ ಮೇಲೆ ಕಾಣುವ ಬಿಳಿ–ಹಳದಿ ಪೊರೆ ಸಾಮಾನ್ಯವಾಗಿ ಕೀವಲ್ಲ, ಮಾಯುವಾಗ ಮೂಡುವ ಪೊರೆ. ಕಡ್ಡಿಯಿಂದ ಕೆರೆಯಬೇಡಿ.

ಮೇಲಿನ ದವಡೆಹಲ್ಲು ತೆಗೆಸಿದವರಿಗೆ ಒಂದು ಮಾತು: ಅದರ ಬೇರು ಹಲವರಲ್ಲಿ ಸೈನಸ್‌ಗೆ (ಮೂಗಿನ ಪಕ್ಕದ ಎಲುಬಿನೊಳಗಿನ ಗಾಳಿಯ ಪೊಳ್ಳಿಗೆ) ಅಂಟಿದಂತೆಯೇ ಇರುತ್ತದೆ. ಎರಡು ವಾರ ಜೋರಾಗಿ ಗಾಳಿ ಊದಿ ಮೂಗು ಸ್ವಚ್ಛ ಮಾಡಬೇಡಿ, ಸೀನು ಬಂದರೆ ಬಾಯಿ ತೆರೆದೇ ಸೀನಿ. ಕುಡಿದದ್ದು ಮೂಗಿಗೆ ಬಂದರೆ ವೈದ್ಯರಿಗೆ ತಿಳಿಸಿ.

ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂರು ದಿನ ಕಳೆದರೂ ಏರುವ ಊತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮರುದಿನವೂ ಬಿಡದ ತುಟಿಯ ಜೋಮು ಇದ್ದರೆ ಅಂದೇ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ತುರ್ತು ಚಿಕಿತ್ಸೆಗೆ.

ಇದೆಲ್ಲವನ್ನೂ ದಂತವೈದ್ಯರು ಹೇಳುತ್ತಾರೆ, ನಿಜ. ಆದರೆ ಅರ್ಧ ಮುಖ ಮರಗಟ್ಟಿ, ಬಾಯಲ್ಲಿ ಗಾಜ್ ಬಟ್ಟೆ ಇರುವಾಗ ಕೇಳಿದ ಮಾತು ಮನೆ ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ, ಜೊತೆಗೆ ಬಂದವರ ಕೈಗೆ ಒಂದು ಚೀಟಿ ಕೊಡಲಿ. ಅದರಲ್ಲಿ ‘ಮುಕ್ಕಳಿಸಬಾರದು’ ಎನ್ನುವ ಬದಲು ‘ನಾಳೆ ಬೆಳಿಗ್ಗೆ 11ರ ತನಕ ಮುಕ್ಕಳಿಸಬಾರದು’ ಎಂದು ಗಂಟೆ ಸಮೇತ ಬರೆದಿರಲಿ, ರಾತ್ರಿ ಕರೆ ಮಾಡಬಹುದಾದ ಒಂದು ಫೋನ್ ನಂಬರೂ ಇರಲಿ.

– ದಂತವೈದ್ಯರ ಒಂದು ಬಳಗ