ಎರಡು ವರ್ಷಗಳ ಬಳಿಕ ಮತ್ತೆ ಅರ್ಥ ಹೇಳುವ ಹೊತ್ತಿಗೆ

ಎಡಗೆನ್ನೆಯ ಒಳಭಾಗದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಈ ವಾರಕ್ಕೆ ಎರಡು ವರ್ಷ ತುಂಬಿತು. ರೋಗ ಮರುಕಳಿಸಿದ ಕುರುಹಿಲ್ಲವೆಂದು ಮೊನ್ನೆಯ ತಪಾಸಣೆಯಲ್ಲಿ ವೈದ್ಯರು ತಿಳಿಸಿದ್ದಾರೆ. ನನ್ನನ್ನು ಇಲ್ಲಿಯವರೆಗೆ ಕೈಹಿಡಿದು ತಂದವರ ಉಪಕಾರವನ್ನು ನಾಲ್ಕು ಜನರ ಮುಂದೆ ನೆನೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಎಲೆಯಡಿಕೆ ಒಂದು ಚಟವೆಂದು ಎಂದೂ ಅನ್ನಿಸಿರಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು ವೀಳ್ಯದ ಹರಿವಾಣ ಮುಂದಿಡುವುದು ನಮ್ಮ ಕಡೆಯ ಮರ್ಯಾದೆ. ವೇಷ ಕಟ್ಟದೆ, ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳತೊಡಗಿದ ಮೇಲೆ, ರಾತ್ರಿ ತೂಕಡಿಕೆ ಬಾರದಿರಲೆಂದು ಅದಕ್ಕೆ ಹೊಗೆಸೊಪ್ಪೂ ಸೇರಿತು. ಇಪ್ಪತ್ತಾರು ವರ್ಷ ಅದನ್ನು ಬಿಡಲಿಲ್ಲ. ಕುಡಿತವಿಲ್ಲ, ಬೀಡಿಯಿಲ್ಲ ಎಂಬ ಹೆಮ್ಮೆಯೇ ನನ್ನ ಕಣ್ಣು ಕಟ್ಟಿತ್ತು.

ಮೊದಲ ವಂದನೆ, ಹಲ್ಲುನೋವೆಂದು ಹೋದ ನನ್ನ ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ಕಂಡು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲವೆಂಬುದನ್ನು ಗಮನಿಸಿ, ಅಂದೇ ಮಂಗಳೂರಿಗೆ ಚೀಟಿ ಬರೆದುಕೊಟ್ಟ ದಂತವೈದ್ಯೆಗೆ. ಸುಣ್ಣ ಸೇರಿದಾಗ ಹೊಗೆಸೊಪ್ಪಿನ ನಿಕೋಟಿನ್ ಬಾಯಿಯ ತೆಳುಪದರದ ಮೂಲಕ ಬೇಗನೆ ರಕ್ತಕ್ಕೆ ಇಳಿಯುತ್ತದೆಂದು ಅವರು ವಿವರಿಸಿದರು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆಯೆಂಬುದನ್ನೂ ಅವರಿಂದಲೇ ತಿಳಿದೆ. ಅಡಿಕೆಯ ದುಡ್ಡಿನಲ್ಲಿ ಓದಿ, ಮನೆ ಕಟ್ಟಿ, ಮಗಳ ಮದುವೆ ಮಾಡಿದ ನನಗೆ ಈ ಮಾತನ್ನು ಒಪ್ಪಲು ತಿಂಗಳುಗಳೇ ಬೇಕಾದವು. ಇದನ್ನು ಆಡಿದರೆ ಧಾರಣೆ ಕುಸಿದೀತೆಂಬ ಬೆಳೆಗಾರರ ಆತಂಕ ನನಗೂ ಇದೆ. ಆದರೂ ನನ್ನ ಕೆನ್ನೆಗೆ ಆದುದನ್ನು ಮುಚ್ಚಿಡಲಾರೆ.

ಹೆಚ್ಚಿನ ಕಾಗದಪತ್ರಗಳು ಮಲಯಾಳದಲ್ಲೇ ಬರುವ ಈ ಗಡಿನಾಡಿನಲ್ಲಿ, ನನ್ನ ಸಂಕಟವನ್ನು ನನ್ನದೇ ಭಾಷೆಯಲ್ಲಿ ಕೇಳಿಸಿಕೊಂಡ ಆಪ್ತಸಮಾಲೋಚಕರಿಗೆ ನಾನು ಋಣಿ. ಹೊಗೆಸೊಪ್ಪು ಬಿಟ್ಟ ಮೊದಲ ಮೂರು ದಿನಗಳ ತಲೆನೋವು, ಸಿಡುಕು, ನಿದ್ದೆಗೇಡುಗಳನ್ನು ಅವರು ಮುಂಚೆಯೇ ಹೇಳಿದ್ದರಿಂದ ಹೆದರಲಿಲ್ಲ. ಬಯಕೆ ಎದ್ದಾಗ ಹತ್ತು ನಿಮಿಷ ತಾಳಿಕೊಂಡರೆ ಅದು ತಾನಾಗಿ ತಗ್ಗುವುದನ್ನೂ ಕಂಡುಕೊಂಡೆ. ತಂಬಾಕು ಬಿಡಬಯಸುವವರಿಗಾಗಿ 1800-11-2356 ಎಂಬ ಉಚಿತ ಸಹಾಯವಾಣಿಯಿದೆ, ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.

ಆರು ವಾರ, ಮೂವತ್ತು ಬಾರಿಯ ವಿಕಿರಣ ಚಿಕಿತ್ಸೆಗೆ ಗಡಿಯ ತಲಪಾಡಿ ದಾಟಿ ಹೋಗಿಬರುವಾಗಲೆಲ್ಲ ಜೊತೆಗಿದ್ದವಳು ನನ್ನ ಪತ್ನಿ. ಬಾಯಿ ತುಂಬ ಹುಣ್ಣಾಗಿ ಉಗುಳು ನುಂಗಲೂ ಆಗದಿದ್ದಾಗ ಗಂಜಿಯನ್ನು ಸೋಸಿ, ಆರಿಸಿ, ಚಮಚದಲ್ಲಿ ಕುಡಿಸಿದಳು. ಅವಳಿಗೆ ಕೃತಜ್ಞತೆ ಹೇಳುವ ಮಾತು ನನ್ನಲ್ಲಿಲ್ಲ.

ಪೇಟೆಯ ಅಂಗಡಿಯವರನ್ನೂ ಮರೆಯಲಾರೆ. ಚಿಕಿತ್ಸೆ ಮುಗಿದು ಎರಡು ತಿಂಗಳಾದಾಗ ಮನಸ್ಸು ಸೋತು ಅವರ ಮುಂದೆ ಕೈಚಾಚಿದ್ದೆ. "ಅಣ್ಣಾ, ಬೇರೆ ಏನು ಬೇಕಾದರೂ ಸಾಲಕ್ಕೆ ಕೊಂಡುಹೋಗಿ, ಇದನ್ನು ಮಾತ್ರ ನಾನು ಕೊಡುವುದಿಲ್ಲ" ಎಂದು ಅವರು ಡಬ್ಬಿಯನ್ನು ಒಳಗಿಟ್ಟರು.

ಕಳೆದ ಶನಿವಾರ ತಾಳಮದ್ದಳೆಗೆ ಪದ ಹಾಡುವ ಭಾಗವತರು ಒತ್ತಾಯದಿಂದ ಕರೆದು ಭೀಷ್ಮನ ಅರ್ಥ ಹೇಳಿಸಿದರು. ವಿಕಿರಣದಿಂದಾಗಿ ನನಗೆ ಈಗ ಬಾಯಿ ಬೇಗ ಒಣಗುತ್ತದೆ. ಮಾತು ತಡೆದಾಗ ಎದುರಿನ ಅರ್ಥಧಾರಿ ತಮ್ಮ ಮಾತನ್ನು ಬೆಳೆಸಿ ನನಗೆ ಸಮಯ ಕೊಟ್ಟರು. ಮದ್ದಳೆಯವರು, ಹಿಂದೆಲ್ಲ ಹರಿವಾಣ ಇರುತ್ತಿದ್ದ ಜಾಗದಿಂದ, ನೀರಿನ ಚೊಂಬನ್ನು ಮೆಲ್ಲನೆ ನನ್ನತ್ತ ಸರಿಸಿದರು. ಅವರಿಬ್ಬರಿಗೂ ನನ್ನ ನಮಸ್ಕಾರ.